ದಿವಂಗತ ಪ್ರಾಂಪ್ಟರರ ಸ್ಮಾರಕ ವಿದ್ಯಾರ್ಥಿವೇತನ

ತಾ. 14-6-1986
ನಾಟಕ ಕಂಪನಿಯ ಬಿಡಾರ

ನನ್ನ ಹರಕು ಸಿಂಹಾಸನದ ಏಕೈಕ ವಾರಸುದಾರಳಾದ ಮಗಳಿಗೆ, ಸತ್ತವನ ಆಶೀರ್ವಾದಗಳು.

ಇಲ್ಲಿ ನಗಬೇಕು. ಓದಿಗೆ ನೆರವು ಕೊಡುವ ದತ್ತಿಯವರ ಮನೆಯಿಂದ ಹಾಸ್ಟೆಲಿನ ತನಕ ನಡೆದುಬಂದ ಅಷ್ಟೂ ದಾರಿಯಲ್ಲಿ ನೀನು ನಗಲಿಲ್ಲ, ಅಳಲಿಲ್ಲ, ಬೈಯಲೂ ಇಲ್ಲ. ಗೇಟಿನಲ್ಲಿ ನನ್ನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಒಳಗೆ ಹೋದವಳು ತಿರುಗಿ ನೋಡಲಿಲ್ಲ. ಇರಲಿ. ಈಗ ಆಪಾದಿತನ ಹೇಳಿಕೆ ಕೇಳು.

ಆ ಉದ್ದನೆಯ ಕೋಣೆಯಲ್ಲಿ ನೀನು ನಿಂತಿದ್ದೆ. ಎದುರಿಗೆ ಮೂವರು, ನಡುವೆ ಆ ನಿವೃತ್ತ ಜಡ್ಜಮ್ಮ. ನಾನು ಹೊರಗೆ ಜಗಲಿಯಲ್ಲಿ ಕಿಟಕಿಯ ಪರದೆಯ ಹಿಂದೆ. ಪರದೆ ಕಂಡಲ್ಲಿ ಅದರ ಹಿಂದೆ ನಿಲ್ಲುವುದು ನನ್ನ ಜಾಯಮಾನ. ಅದಕ್ಕೇ ಅಲ್ಲವೇ ಕಂಪನಿ ನನಗೆ ಪ್ರಾಂಪ್ಟರ್ ಎಂದು ಸಂಬಳ ಕೊಡುವುದು. ಅಂಕಗಳ ಬಗ್ಗೆ ಕೇಳಿದರು, ನೀನು ಗಂಟೆ ಹೊಡೆದ ಹಾಗೆ ಹೇಳಿದೆ. ಮಾತಿನ ಚಿಕಿತ್ಸೆಯನ್ನೇ ಏಕೆ ಕಲಿಯಬೇಕೆಂದು ಕೇಳಿದರು, ಅದಕ್ಕೂ ಹೇಳಿದೆ. ಆಮೇಲೆ ಜಡ್ಜಮ್ಮ ಕೇಳಿದರು, "ತಾಯಿ ಇಲ್ಲ ಅಂದ್ಯಲ್ಲ. ಅಪ್ಪ?"

ನೀನು ಬಾಯಿ ತೆರೆದೆ. ಏನೂ ಬರಲಿಲ್ಲ.

ಮಗಳೇ, ರಂಗದ ಮೇಲೆ ಮೌನ ಬಿತ್ತೆಂದರೆ ಅದು ಬೆಂಕಿ ಬಿದ್ದ ಹಾಗೆ. ನಟ ತಡವರಿಸಿದ ಕೂಡಲೇ ಮುಂದಿನ ಮಾತನ್ನು ಅವನ ಕಿವಿಗೆ ಎಸೆಯಬೇಕು. ನನ್ನ ಬುದ್ಧಿ ಏಳುವುದಕ್ಕೆ ಮುಂಚೆ ನನ್ನ ನಾಲಿಗೆ ಏಳುತ್ತದೆ. ನಮ್ಮ ಕಣ್ಣೀರಿನ ನಾಟಕದಲ್ಲಿ ಅನಾಥ ಹುಡುಗಿ ರಾಜನ ಮುಂದೆ ನಿಂತು ಸರಿಯಾಗಿ ಇಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತಾಳೆ, ನಿನಗೇ ಗೊತ್ತು. ಎಷ್ಟು ಊರುಗಳಲ್ಲಿ, ಎಷ್ಟು ಹುಡುಗಿಯರಿಗೆ ನಾನು ಆ ಮಾತನ್ನು ಎಸೆದಿಲ್ಲ. ಅದೇ ಮಾತು ತಾನಾಗಿ ಬಾಯಿಂದ ಬಿತ್ತು. "ಅಪ್ಪನೂ ಇಲ್ಲ."

ನೀನೂ ಅದನ್ನು ಹಿಡಿದುಬಿಟ್ಟೆ. ಅದೇ ಧಾಟಿ, ಅದೇ ಇಳಿದನಿ. ಕಂಪನಿಯಲ್ಲಿ ಬೆಳೆದ ಮಗು. ಎಸೆದ ಮಾತನ್ನು ನೆಲಕ್ಕೆ ಬೀಳಗೊಡುವುದು ನಿನಗೆಲ್ಲಿ ಗೊತ್ತು?

ಜಡ್ಜಮ್ಮ ಕನ್ನಡಕ ತೆಗೆದರು. ನಾವು ಅರ್ಧ ಶುಲ್ಕ ಬೇಡಲು ಹೋಗಿದ್ದೆವು. ಸಿಕ್ಕಿದ್ದು ತಂದೆತಾಯಿ ಇಲ್ಲದವರಿಗೆ ಕೊಡುವ ಪೂರ್ತಿ ನೆರವು: ಶುಲ್ಕ, ಹಾಸ್ಟೆಲು, ಊಟ, ಪುಸ್ತಕ, ಡಿಗ್ರಿ ಮುಗಿಯುವ ತನಕ. ಗುಮಾಸ್ತ ಜಗಲಿಗೆ ಬಂದು "ನೀವ್ಯಾರು?" ಎಂದಾಗ ಸತ್ತವನು ಇನ್ನೇನು ಹೇಳಬೇಕಿತ್ತು? ಸೋದರಮಾವ ಎಂದೆ. ಅರ್ಧವೇ ಸಿಕ್ಕಿದ್ದರೆ ಉಳಿದರ್ಧಕ್ಕೆ ನಾನು ಕಂಪನಿಯ ಕಾಡಿನ ಪರದೆ ಹರಿದು ಮಾರಬೇಕಾಗುತ್ತಿತ್ತು.

ಆದ್ದರಿಂದ ಇನ್ನು ಮೇಲೆ ನಾನು ಮಾವ. ಲಕೋಟೆಯ ಮೇಲೂ ಮಾವ, ಕಾಗದದ ಒಳಗೂ ಮಾವ ಎಂದೇ ಬರೆ. ಹಾಸ್ಟೆಲಿನ ಗೋಡೆಗಳಿಗೆ ಕಣ್ಣಿರುತ್ತದೆ. ನಿನ್ನ ಡಿಗ್ರಿಯ ದಿನ ನಾನು ಆ ಕೋಣೆಗೇ ಬಂದು, ಎಲ್ಲರ ಮುಂದೆ ಎದ್ದು ನಿಂತು, ಇಗೋ ಇವಳ ಅಪ್ಪ ಎಂದು ಘೋಷಿಸುತ್ತೇನೆ. ಅಲ್ಲಿಯವರೆಗೆ ಸ್ವಲ್ಪ ಮಲಗಿರುತ್ತೇನೆ.

ನಿನ್ನ,
ಏನೆಂದು ಸಹಿ ಹಾಕಲಿ, ನೀನೇ ತಿಳಿದುಕೊ


ತಾ. 2-7-1986
ಹಾಸ್ಟೆಲ್

ಪ್ರೀತಿಯ ಮಾವನಿಗೆ,

ಹೀಗೆ ಬರೆಯಲು ಕೈ ಬರುತ್ತಿಲ್ಲ. ಆದರೆ ನನ್ನ ಕೋಣೆಯವಳು ಎದುರಿನ ಮಂಚದಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಾ ಈ ಕಡೆಗೇ ನೋಡುತ್ತಿದ್ದಾಳೆ.

ಕೋಣೆ ಚೆನ್ನಾಗಿದೆ. ಕಬ್ಬಿಣದ ಎರಡು ಮಂಚ, ಎರಡು ಮೇಜು. ಕಿಟಕಿ ತೆರೆದರೆ ಬಟ್ಟೆ ಒಗೆಯುವ ಅಂಗಳ. ಎಲ್ಲರ ಹಾಸಿಗೆಯ ಬಟ್ಟೆಯೂ ಅಲ್ಲಿ ಒಂದೇ ಸಮ ನೇತಾಡುತ್ತಿರುತ್ತದೆ. ಊಟದ ಚೀಟಿ ಮಾತ್ರ ಒಂದೇ ಸಮ ಇಲ್ಲ. ಹಣ ಕಟ್ಟಿದವರದು ಬಿಳಿ, ಅರ್ಧ ನೆರವಿನವರದು ನೀಲಿ, ನನ್ನದು ಹಳದಿ. ಹಳದಿ ಎಂದರೆ ಏನೆಂದು ಅಡುಗೆಯವಳಿಂದ ಹಿಡಿದು ಎಲ್ಲರಿಗೂ ಗೊತ್ತು. ನನ್ನ ತಟ್ಟೆಗೆ ಒಂದು ಬ್ರೆಡ್ಡು ಜಾಸ್ತಿ ಬೀಳುತ್ತದೆ. ಹುಡುಗಿಯರು ತಮ್ಮ ತಮ್ಮ ಅಪ್ಪಂದಿರ ಸುದ್ದಿ ಹೇಳಿಕೊಂಡು ನಗುತ್ತಿರುವಾಗ ನಾನು ಬಂದರೆ ಮಾತು ಬದಲಾಯಿಸುತ್ತಾರೆ. ಎಷ್ಟು ಒಳ್ಳೆಯವರೆಂದರೆ, ಅವರ ಎದುರಿಗೆ ಕೂತು ಉಣ್ಣುವುದು ಕಷ್ಟ.

ನೀನು ಒಂದು ಮಾತು ತಪ್ಪು ತಿಳಿದಿದ್ದೀಯ. ಅವತ್ತು ನನಗೆ ಮಾತು ಮರೆತಿರಲಿಲ್ಲ. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ನೀನು ಕಾಯಲಿಲ್ಲ.

ಇಲ್ಲಿ ಮೊದಲನೆಯ ಪಾಠವೇ ಅದು. ತೊದಲುವವರು ಎದುರಿಗೆ ಕೂತು ಒಂದು ಪದಕ್ಕೆ ಒದ್ದಾಡುತ್ತಿದ್ದರೆ ನಾವು ಆ ಪದವನ್ನು ಹೇಳಿಕೊಡಕೂಡದು. "ಬಾಯಿ ಮುಚ್ಚಿಕೊಂಡು ಕಾಯೋದು ಕಲೀರಿ, ಆಮೇಲೆ ಚಿಕಿತ್ಸೆ," ಎಂದರು ಮೇಡಂ. ನೀನು ನಮ್ಮ ಕಾಲೇಜಿನಲ್ಲಿ ಒಂದು ದಿನವೂ ಪಾಸಾಗುವುದಿಲ್ಲ.

ಸೆಪ್ಟೆಂಬರಿನಲ್ಲಿ ದತ್ತಿಯವರ ಸಭೆ ಇದೆಯಂತೆ. ಪೂರ್ತಿ ನೆರವಿನವರು ಒಬ್ಬೊಬ್ಬರಾಗಿ ಎದ್ದು, ಕಳೆದುಕೊಂಡವರ ಬಗ್ಗೆ ನಾಲ್ಕು ಮಾತಾಡಬೇಕಂತೆ. ಹಣ ಕೊಟ್ಟವರೆಲ್ಲ ಕೇಳಲು ಬರುತ್ತಾರಂತೆ. ನಿನಗೆ ಏನಾಗಿತ್ತು, ಹೇಗೆ ಹೋದೆ ಎಂದು ಕೇಳಿದರೆ ಏನು ಹೇಳಲಿ? ಇದನ್ನು ಓದಿ ಹರಿದುಹಾಕು.

ಇತಿ ನಿನ್ನ ಸೊಸೆ


ತಾ. 19-7-1986
ಬಿಡಾರ

ಚಿರಂಜೀವಿ ಸೊಸೆಗೆ,

ನನ್ನ ಸಾವಿನ ವಿಷಯ ಕೂಲಂಕಷವಾಗಿ ಯೋಚಿಸಿದೆ. ಅವಸರದಲ್ಲಿ ಸಾಯುವವನು ನಾನಲ್ಲ.

ಮೊದಲನೆಯದು, ದೀಪಗಳ ಅಡ್ಡಪಟ್ಟಿ ತಲೆಯ ಮೇಲೆ ಬೀಳುವುದು. ಭರ್ಜರಿಯಾಗಿದೆ, ಆದರೆ ಮಾಲೀಕನ ಮೇಲೆ ಕೇಸು ಏಕೆ ಹಾಕಲಿಲ್ಲ ಎಂದು ಜಡ್ಜಮ್ಮ ಕೇಳಿಯಾರು. ಇನ್ನೊಂದು, ಖಳನಾಯಕನ ಕತ್ತಿ ನಿಜವಾಗಿ ತಗಲುವುದು. ಇದೂ ಬೇಡ. ನಮ್ಮ ಖಳನಾಯಕ ಮೊನ್ನೆ ಬಾಲ್ದಿಯಲ್ಲಿ ಬಿದ್ದ ಇರುವೆಯನ್ನು ಚಮಚದಿಂದ ಎತ್ತಿ ಬಿಸಿಲಿಗೆ ಇಟ್ಟ ಮನುಷ್ಯ. ಅವನಿಗೆ ಆ ಕಳಂಕ ಹಚ್ಚಲಾರೆ. ಆದ್ದರಿಂದ ಹೀಗೆ: ಕೊನೆಯ ಅಂಕ. ಒಂದು ಕೈಯಲ್ಲಿ ನಾಟಕದ ಹಸ್ತಪ್ರತಿ, ಇನ್ನೊಂದರಲ್ಲಿ ಪರದೆಯ ಹಗ್ಗ. ಕೊನೆಯ ಮಾತು ಎಸೆದದ್ದಾಯಿತು, ನಾಯಕಿ ಹಿಡಿದದ್ದಾಯಿತು, ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದಾರೆ. ಪರದೆ ಮಾತ್ರ ಇಳಿಯುತ್ತಿಲ್ಲ. ಏಕೆಂದರೆ ಹಗ್ಗ ಹಿಡಿದವನು ಆಗಲೇ ಇಲ್ಲ.

ಹೇಳುವಾಗ ಅಳಬೇಡ. ಅತ್ತರೆ ಅವರು ಅಳುವುದಿಲ್ಲ. ಕಣ್ಣನ್ನು ಹಿಂದಿನ ಸಾಲಿನವರ ತಲೆಯ ಮೇಲೆ ಇಡು, ಕೊನೆಯ ಮಾತಿಗೆ ದನಿ ಇಳಿಸು, ಆಮೇಲೆ ಸುಮ್ಮನೆ ಕೂತುಬಿಡು.

ನಾಲಿಗೆಯ ತುದಿಯಲ್ಲಿತ್ತು ಎಂದು ಬರೆದಿದ್ದೀಯ. ಮಾತು ಮರೆತ ನಟರೆಲ್ಲ ಪರದೆ ಬಿದ್ದ ಮೇಲೆ ನನಗೆ ಹೇಳುವುದು ಅದನ್ನೇ. ಬೇಜಾರು ಮಾಡಿಕೊಳ್ಳಬೇಡ. ಹಳದಿ ಚೀಟಿಯ ಬ್ರೆಡ್ಡನ್ನು ಬಿಡದೆ ತಿನ್ನು.

ಮಾವ


ತಾ. 30-9-1986
ಹಾಸ್ಟೆಲ್

ಪ್ರೀತಿಯ ಮಾವನಿಗೆ,

ಸಭೆ ಆಯಿತು. ನಿನ್ನ ಹಗ್ಗದ ಸಾವನ್ನು ನಾನು ಹೇಳಲಿಲ್ಲ. ಜ್ವರ ಬಂದಿತ್ತು ಎಂದೆ. ಯಾರೂ ಮುಂದೆ ಕೇಳಲಿಲ್ಲ.

ನನಗಿಂತ ಮುಂಚೆ ಎದ್ದ ಹುಡುಗಿಯ ಅಪ್ಪ ಗಣಿಯಲ್ಲಿ ಸತ್ತವರು. ಅವಳು ಒಂದೇ ವಾಕ್ಯ ಹೇಳಿ ಕೂತಳು. ಅದು ನಿಜವಾದ್ದರಿಂದ ಅವಳಿಗೆ ಹೆಚ್ಚು ಹೇಳಲಾಗಲಿಲ್ಲ. ನನಗೆ ಹೇಳಲಾಯಿತು. ಚಿಕ್ಕವಳಿದ್ದಾಗ ವೇಷಭೂಷಣದ ಪೆಟ್ಟಿಗೆಯಲ್ಲಿ ರಾಜರ ಅಂಗಿಗಳ ಮೇಲೆ ಮಲಗುತ್ತಿದ್ದೆ ಎಂದೆ. ಮುಂದೆ ರಂಗದಲ್ಲಿ ಯಾರು ಯಾರೋ ಮಾತಾಡುತ್ತಿದ್ದರೂ, ಅದಕ್ಕೆ ಒಂದು ಚಣ ಮುಂಚೆ ಅದೇ ಮಾತು ನನ್ನ ಅಪ್ಪನ ಪಿಸುದನಿಯಲ್ಲಿ ಕೇಳಿಸುತ್ತಿತ್ತು; ಹಾಗಾಗಿ ಲೋಕದಲ್ಲಿ ಎಲ್ಲರೂ ಆಡುವ ಮಾತನ್ನು ಮೊದಲು ಅಪ್ಪನೇ ಆಡುತ್ತಾನೆ ಎಂದು ಬಹಳ ದಿನ ನಂಬಿದ್ದೆ ಎಂದೆ. ಇಷ್ಟು ನಿಜ.

ಆಮೇಲೆ ನಿಲ್ಲಿಸಲಾಗಲಿಲ್ಲ. ಅವರು ಒಂದು ದಿನವೂ ನನ್ನ ಮೇಲೆ ಕೂಗಾಡಲಿಲ್ಲ ಎಂದೆ. ಕುಡಿಯುತ್ತಿರಲಿಲ್ಲ ಎಂದೆ. ನನ್ನ ಶಾಲೆಯ ಸಲುವಾಗಿ ಒಂದೇ ಊರಿನಲ್ಲಿ ನಿಂತು, ದೊಡ್ಡ ಕಂಪನಿಯ ಕರೆಯನ್ನು ಬಿಟ್ಟುಕೊಟ್ಟರು ಎಂದೆ. ಜಡ್ಜಮ್ಮ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು, ಬಹಳ ಹೊತ್ತು ಬಿಡಲಿಲ್ಲ.

ನನಗೆ ಭಯವಾದದ್ದು ಬೇರೆಯದಕ್ಕೆ. ಹಾಗೆ ಹೇಳುವುದು ಸುಲಭವಾಗಿತ್ತು.

ನಿನ್ನ ಸೊಸೆ


ತಾ. 21-10-1986
ಬೇರೆ ಊರು, ಅದೇ ಬಿಡಾರ

ಚಿರಂಜೀವಿಗೆ,

ನಿನ್ನ ಕಾಗದ ನಾವು ಬಿಟ್ಟುಬಂದ ಊರಿಗೆ ಹೋಗಿ, ಅಲ್ಲಿಂದ ನಮ್ಮನ್ನು ಅಟ್ಟಿಸಿಕೊಂಡು ಬಂತು. ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಸೀಳಿದೆ.

ಆ ಅಪ್ಪನನ್ನು ನಾನೂ ಒಂದು ಸಲ ನೋಡಬೇಕಿತ್ತು. ಕುಡಿಯದವನು. ಕೂಗಾಡದವನು. ಒಂದೇ ಊರಿನಲ್ಲಿ ನಿಂತವನು. ಎಂಥ ಪಾತ್ರ. ಅವನು ಬದುಕಿದ್ದಿದ್ದರೆ ನಾನೇ ಹೋಗಿ ಕಾಲು ಒತ್ತುತ್ತಿದ್ದೆ. ನನಗೆ ಅವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ತಪ್ಪು ತಿಳಿಯಬೇಡ, ಚೆನ್ನಾಗಿ ಮಾಡಿದ್ದೀಯ. ಸತ್ತವರನ್ನು ಸ್ವಲ್ಪ ಎತ್ತರಿಸುವುದು ಎಲ್ಲ ನಾಟಕಗಳಲ್ಲೂ ಇದ್ದದ್ದೇ. ನಿನ್ನ ಅಮ್ಮನ ಬಗ್ಗೆ ನಾನು ನಿನಗೆ ಹೇಳಿದ್ದರಲ್ಲೂ ಅರ್ಧ ನಾನೇ ಸೇರಿಸಿದ್ದು.

ಇಲ್ಲಿ ಜನ ಕಡಿಮೆ. ಮುಂದಿನ ಸಾಲಿನ ಕುರ್ಚಿಗಳನ್ನು ಮಾಲೀಕ ಬಾಡಿಗೆಗೆ ಕೊಟ್ಟಿದ್ದಾನೆ. ರಜೆಗೆ ಬಾ. ನೀನು ಮಲಗುತ್ತಿದ್ದ ಪೆಟ್ಟಿಗೆಯನ್ನು ಖಾಲಿ ಮಾಡಿಸಿ ಇಡುತ್ತೇನೆ, ಕಾಲು ಚಾಚಲು ಆಗುವುದಿಲ್ಲ, ಅಷ್ಟೇ.

ಮಾವ


ತಾ. 11-4-1987
ಜಡ್ಜಮ್ಮನವರ ಮನೆ

ಪ್ರೀತಿಯ ಮಾವನವರಿಗೆ,

ಬರೆಯದೆ ಬಹಳ ದಿನವಾಯಿತು, ಕ್ಷಮಿಸಿ. ಪರೀಕ್ಷೆಗಳಿದ್ದವು. ರಜೆಗೆ ಬರಬೇಕೆಂದೇ ಇದ್ದೆ. ಜಡ್ಜಮ್ಮನವರು "ಒಬ್ಬಳೇ ಎಲ್ಲಿಗೆ ಹೋಗ್ತೀಯ, ನಮ್ಮನೇಲೇ ಇರು" ಎಂದಾಗ, ಹೋಗಲು ಜಾಗವಿದೆ ಎಂದು ಹೇಳುವುದು ಹೇಗೆ? ಮಹಡಿಯ ಮೇಲೆ ನನಗೊಂದು ಕೋಣೆ ಕೊಟ್ಟಿದ್ದಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆ. ಇಷ್ಟು ವರ್ಷಗಳಲ್ಲಿ ನಾನು ಚಿಲಕ ಹಾಕಿಕೊಂಡು ಮಲಗಿದ್ದು ಇದೇ ಮೊದಲು.

ಇವರಿಗೆ ಕಣ್ಣು ಮಂಜು. ಸಂಜೆ ನಾನು ಪತ್ರಿಕೆ ಓದಿ ಹೇಳುತ್ತೇನೆ. ಒಂದೊಂದು ಸಲ ಓದು ನಿಲ್ಲಿಸಿ ಅಪ್ಪನ ಬಗ್ಗೆ ಕೇಳುತ್ತಾರೆ.

ಒಂದು ವಿಷಯ. ಇವರೂ ಇನ್ನು ಕೆಲವರೂ ಸೇರಿ ನಾಟಕದವರ ಹೆಣ್ಣುಮಕ್ಕಳಿಗಾಗಿ ಹೊಸದೊಂದು ನೆರವು ಇಡುತ್ತಿದ್ದಾರೆ. ವರ್ಷಕ್ಕೆ ಒಬ್ಬಳಂತೆ, ಓದು ಮುಗಿಯುವ ತನಕ. ಅಪ್ಪನ ಹೆಸರಿನಲ್ಲಿ. ನಾನು ಬೇಡವೆಂದು ಹೇಳಿ ನೋಡಿದೆ. ಸಂಕೋಚದ ಹುಡುಗಿ ಎಂದುಕೊಂಡರು. ಕಾಲೇಜಿನ ಸಭಾಂಗಣದಲ್ಲಿ ಭಾವಚಿತ್ರ ಹಾಕುತ್ತಾರಂತೆ. ಅಪ್ಪನ ಫೋಟೋ ನಿಮ್ಮ ಬಳಿ ಇದ್ದರೆ ದಯವಿಟ್ಟು ಕಳಿಸಿಕೊಡಿ. ಹಳೆಯದಾದರೆ ಒಳ್ಳೆಯದು.

ನಿಮ್ಮ ಸೊಸೆ


ತಾ. 2-5-1987
ಬಿಡಾರ

ಚಿರಂಜೀವಿಗೆ,

'ನೀವು' ಎಂದು ಬರೆದಿದ್ದೀಯ. 'ಕ್ಷಮಿಸಿ' ಎಂದೂ, 'ದಯವಿಟ್ಟು' ಎಂದೂ. ನಾನು ಹಿಂದೆ ತಿರುಗಿ ಯಾರಾದರೂ ದೊಡ್ಡ ಮನುಷ್ಯರು ನಿಂತಿದ್ದಾರೆಯೇ ಎಂದು ನೋಡಿದೆ. ಜಡ್ಜಮ್ಮನ ಮನೆಯಲ್ಲಿ ಕೂತು ಬರೆದದ್ದು, ಯಾರಾದರೂ ಪಕ್ಕದಲ್ಲಿ ಇದ್ದರೇನೋ. ಹಾಗೆಂದುಕೊಂಡು ಮಲಗಿದೆ.

ಫೋಟೋ ಇದರ ಜೊತೆಗಿದೆ. ಹಳೆಯದು ಎಲ್ಲಿಂದ ತರಲಿ? ಪರದೆಯ ಹಿಂದಿನವನ ಫೋಟೋ ಯಾರು ತೆಗೆಯುತ್ತಾರೆ? ಹೊಸದಾಗಿ ಹಳೆಯದು ಮಾಡಿಸಿದೆವು. ಮೇಕಪ್ಪಿನವನು ತಲೆಗೆ ಕಪ್ಪು ಹಚ್ಚಿ, ಕೆನ್ನೆಯ ಗುಳಿ ತುಂಬಿ, ಮೂಗನ್ನೂ ಒಂದಿಷ್ಟು ಸರಿಪಡಿಸಿದ. ಖಳನಾಯಕ ತನ್ನ ಮದುವೆಯ ಕೋಟು ಕೊಟ್ಟ. ಸ್ಟುಡಿಯೋದವನು "ಸ್ವಲ್ಪ ನಗಿ" ಎಂದ. ಇದು ನಗುವ ಫೋಟೋ ಅಲ್ಲಪ್ಪ ಎಂದೆ. ಆದರೂ ಕೊನೆಗೆ ನಗು ಬಂದೇಬಿಟ್ಟಿತು, ನೋಡು, ಎಡಗಡೆ ಸ್ವಲ್ಪ ಕಾಣುತ್ತದೆ.

ಬಣ್ಣ ಹಚ್ಚುವಾಗ ಇವರಿಗೆಲ್ಲ ಹೇಳಲೇಬೇಕಾಯಿತು. ಹೇಳಿದೆ. ಯಾರೂ ಬೆಚ್ಚಲಿಲ್ಲ, ನಮ್ಮಲ್ಲಿ ದಿನಾ ಒಬ್ಬರು ಸಾಯುತ್ತಾರೆ. ಹಾಸ್ಯಗಾರ ಮಾತ್ರ ಆ ಸಂಜೆ ನನ್ನ ಪಕ್ಕ ಬಂದು ಕೂತ. ರಂಗದ ಮೇಲೆ ಜನರನ್ನು ಉರುಳಾಡಿಸಿ ನಗಿಸುವವನು, ಕೆಳಗಿಳಿದರೆ ಬಾಯಿಗೆ ಬೀಗ. ಅವನ ಮಗಳು ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲು ಬಂದು, ಟಿಕೆಟ್ ಕೌಂಟರಿನಲ್ಲಿ ಕೂತಿದ್ದಾಳೆ. ನಾಲ್ಕು ಕಾಲೇಜು ಕರೆದಿವೆ, ಒಂದಕ್ಕೂ ಕಟ್ಟಲು ಇಲ್ಲ. ಅವನು ಏನೂ ಕೇಳಲಿಲ್ಲ. ಕೇಳದೆ ಕೂತಿದ್ದ.

ನೀನು ಕಲಿಸಿದ ಹಾಗೆ ಕಾಯೋಣ ಎಂದುಕೊಂಡೆ, ಆಗಲಿಲ್ಲ. ನಾನೇ ಹೇಳಿಬಿಟ್ಟೆ, "ನನ್ನ ಹೆಸರಿಂದು ಒಂದು ನೆರವು ಇದೆಯಂತೆ ಕಣೋ, ಅರ್ಜಿ ಹಾಕ್ಸು."

ಒಬ್ಬನೇ ಸತ್ತು ಇಬ್ಬರು ಹೆಣ್ಣುಮಕ್ಕಳನ್ನು ಓದಿಸುವುದು ಕಂಪನಿಯ ಚರಿತ್ರೆಯಲ್ಲೇ ಇಲ್ಲ ಎಂದು ಮೇಕಪ್ಪಿನವನು ಹೇಳಿದ. ನನಗೆ ಹೆಮ್ಮೆಯೇ ಆಯಿತು.

ನಿನ್ನ ಮಾವ


ತಾ. 16-6-1987
ಹಾಸ್ಟೆಲ್

ಮಾವನವರಿಗೆ,

ಹಾಸ್ಯಗಾರರ ಮಗಳಿಗೇ ಮೊದಲ ನೆರವು ಸಿಕ್ಕಿದೆ. ಒಳ್ಳೆಯ ಹುಡುಗಿ, ಸಂದರ್ಶನದಲ್ಲಿ ಚೆನ್ನಾಗಿ ಮಾತಾಡಿದಳಂತೆ. ಅನಾವರಣ ಜುಲೈ ಮೊದಲ ವಾರ.

ಹಾಸ್ಯಗಾರರು ಬರಲಿ. ನೀವು ದಯವಿಟ್ಟು ಬರಬೇಡಿ. ಭಾವಚಿತ್ರ ಬಹಳ ದೊಡ್ಡದಾಗಿ ಮಾಡಿಸಿದ್ದಾರೆ. ಅದರ ಕೆಳಗೆ ನೀವು ಕೂತಿದ್ದರೆ ನನಗೆ ಮಾತಾಡಲು ಆಗುವುದಿಲ್ಲ. ಇನ್ನು ಎರಡು ವರ್ಷ, ಅಷ್ಟೇ ಅಲ್ಲವೇ.

ನಿಮ್ಮ ಸೊಸೆ


ತಾ. 9-7-1987
ಬಿಡಾರ

ಮಗಳಿಗೆ,

ನಾನು ಬಂದದ್ದನ್ನು ನೀನು ನೋಡಿದೆ. ಆದ್ದರಿಂದ ಬರಲಿಲ್ಲ ಎಂದು ಬರೆಯುವುದಿಲ್ಲ.

ಬರಬಾರದೆಂದೇ ಇದ್ದೆ. ಹಾಸ್ಯಗಾರ ಒಬ್ಬನೇ ರೈಲು ಹತ್ತಲು ಹೆದರಿದ. ಕಾಲೇಜು ಎಂದರೆ ಅವನಿಗೆ ಕೋರ್ಟು ಇದ್ದ ಹಾಗೆ. ಬಾಗಿಲಿನ ತನಕ ಬಿಟ್ಟು ಹೊರಗೆ ನಿಲ್ಲುತ್ತೇನೆ ಎಂದವನು, ಕುರ್ಚಿಗಳು ಖಾಲಿ ಇದ್ದದ್ದನ್ನು ನೋಡಿ ಕೊನೆಯ ಸಾಲಿನಲ್ಲಿ ಕೂತೆ. ಇಷ್ಟು ವರ್ಷ ನಾನು ರಂಗವನ್ನು ಪಕ್ಕದಿಂದಲೇ ನೋಡಿದವನು. ಎದುರಿನಿಂದ ನೋಡಿದ್ದು ಅವತ್ತು.

ಜಡ್ಜಮ್ಮ ದಾರ ಎಳೆದಾಗ ಬಟ್ಟೆ ಅರ್ಧಕ್ಕೆ ಸಿಕ್ಕಿಕೊಂಡಿತು. ಕೆಟ್ಟ ಕೆಲಸ. ಮೊಳೆಯನ್ನು ಹಾಗೆ ಹೊಡೆಯುತ್ತಾರೆಯೇ? ಎದ್ದು ಹೋಗಿ ಬಿಡಿಸಿಬರಬೇಕೆಂದು ಕಾಲು ತುಡಿಯಿತು. ಯಾರೋ ಕೋಲಿನಿಂದ ತಳ್ಳಿದರು. ಒಳಗಿನಿಂದ ಆ ಕೋಟಿನವನು ಬಂದ. ಎಲ್ಲರೂ ಎದ್ದು ನಿಂತರು. ನಾನೂ ನಿಂತೆ.

ಆಮೇಲೆ ನೀನು ಮಾತಿಗೆ ಬಂದೆ. ಚೆನ್ನಾಗಿ ಹೇಳುತ್ತಿದ್ದೆ, ಪೆಟ್ಟಿಗೆ, ರಾಜರ ಅಂಗಿ. "ಅಪ್ಪ ಯಾವಾಗಲೂ" ಎಂದೆ. ನಿನ್ನ ಕಣ್ಣು ಹಿಂದಿನ ಸಾಲಿಗೆ ಬಂತು. ನಾನೇ ಹೇಳಿಕೊಟ್ಟಿದ್ದೆನಲ್ಲ, ಅಲ್ಲಿ ನೋಡು ಎಂದು. ನಿನ್ನ ಮಾತು ನಿಂತುಬಿಟ್ಟಿತು.

ಹೇಳಲೇಬೇಕು. ನನ್ನ ಬಾಯಿಯೊಳಗೆ ಮುಂದಿನ ಮಾತು ಸಿದ್ಧವಾಗಿತ್ತು. ಯಾವ ಮಾತು ಎಂದು ಕೇಳಬೇಡ. ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ಪಕ್ಕದವರು ನಾನು ಅಳುತ್ತಿದ್ದೇನೆ ಎಂದುಕೊಂಡು ನೀರಿನ ಲೋಟ ಕೊಟ್ಟರು. ಆ ಮೌನ ಎಷ್ಟು ಉದ್ದ ಇತ್ತೋ, ನನಗೆ ಹೇಳಲು ಬರುವುದಿಲ್ಲ. ಆಮೇಲೆ ನೀನೇ ಮುಂದುವರಿಸಿದೆ. "ಅಪ್ಪ ಯಾವಾಗಲೂ ನನ್ನ ಜೊತೆ ಇದ್ದಾರೆ." ಚಪ್ಪಾಳೆ ಬಿತ್ತು.

ಟೀ ಕೊಡುವಾಗ ಜಡ್ಜಮ್ಮ ಹಾಸ್ಯಗಾರನನ್ನು ಮಾತಾಡಿಸಲು ಬಂದರು. ಅವನ ಬೆವರು ನೋಡಿ ನನ್ನ ಕಡೆ ತಿರುಗಿದರು. ನಾನು ಯಾರೆಂದು ಹೇಳಲಿಲ್ಲ, ಕಂಪನಿಯವನು ಎಂದೆ. ಅವರ ಕಣ್ಣು ಮಂಜಾದದ್ದು ನನ್ನ ಪುಣ್ಯ.

"ಅವರನ್ನ ಬಲ್ಲಿರಾ ನೀವು?" ಎಂದರು, ಚಿತ್ರದ ಕಡೆ ಕೈ ತೋರಿಸಿ.

"ಬಲ್ಲೆ," ಎಂದೆ.

"ಹೇಗಿದ್ರು?"

"ಮಗಳು ಹೇಳಿದಷ್ಟು ಒಳ್ಳೆಯವನೇನಲ್ಲ," ಎಂದೆ.

ಅವರು, ಸತ್ತವರ ಬಗ್ಗೆ ಹಾಗೆ ಮಾತಾಡಬಾರದೆಂದು ಮೆಲ್ಲಗೆ ಹೇಳಿ, ಬಿಸ್ಕತ್ತಿನ ತಟ್ಟೆ ನನ್ನ ಮುಂದೆ ಹಿಡಿದರು. ನೀನು ಕಿಟಕಿಯ ಬಳಿ ನಿಂತಿದ್ದೆ. ಈ ಕಡೆ ನೋಡಲಿಲ್ಲ. ನೋಡಬಾರದು, ಸರಿ. ಆದರೂ ಎಷ್ಟು ಚೆನ್ನಾಗಿ ನೋಡದೆ ಇದ್ದೆ, ಮಗಳೇ. ನಮ್ಮ ನಾಯಕಿಗೂ ಅದು ಬರುವುದಿಲ್ಲ.

ಇನ್ನು ಕರೆಯದೆ ಬರುವುದಿಲ್ಲ.


ತಾ. 3-3-1989
ಹಾಸ್ಟೆಲ್

ಅಪ್ಪಾ,

ಇಷ್ಟು ದಿನ ಬರಿಯ ಕಾರ್ಡುಗಳನ್ನೇ ಬರೆದೆ. ಕ್ಷೇಮ, ಪರೀಕ್ಷೆ ಆಯಿತು, ಚಳಿ ಜಾಸ್ತಿ. ನೀನೂ ಹಾಗೇ ಬರೆದೆ. ಕೋಣೆಯವಳು ಇಲ್ಲ, ಈಗ ನಾನು ಒಬ್ಬಳೇ. ಇದನ್ನು ಯಾರೂ ಓದುವುದಿಲ್ಲ.

ಡಿಗ್ರಿ ಸಭೆ ಈ ತಿಂಗಳ ಕೊನೆಗೆ. ಮನೆಯವರಿಗೆ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಕೊಡುತ್ತಾರೆ. ಗುಮಾಸ್ತ ನನ್ನ ಹೆಸರಿನ ಮುಂದಿನ ಎರಡನ್ನೂ ಕೇಳದೆಯೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದ. ಅದನ್ನು ನೋಡಿ ಇವತ್ತು ಸಂಜೆ ನೆಟ್ಟಗೆ ಜಡ್ಜಮ್ಮನವರ ಮನೆಗೆ ಹೋದೆ.

ನೀನು ಮೂರು ವರ್ಷ ಕೇಳದೆ ಇದ್ದದ್ದನ್ನು ಮೊದಲು ನಿನಗೆ ಹೇಳುತ್ತೇನೆ. ಅವತ್ತು ಸಂದರ್ಶನದಲ್ಲಿ ಅವರು "ಅಪ್ಪ?" ಎಂದಾಗ ನನಗೆ ನಾಚಿಕೆಯಾಗಿ ಮಾತು ನಿಂತಿತು ಎಂದು ನೀನು ತಿಳಿದಿದ್ದೀಯ. ನಾನು ಹೇಳಬೇಕೆಂದಿದ್ದದ್ದು ಇಷ್ಟೇ: "ಹೊರಗೆ ಪರದೆ ಹಿಂದೆ ನಿಂತಿದ್ದಾರೆ, ಒಳಗೆ ಕರೀಲಾ?" ಅಪ್ಪಣೆ ಇಲ್ಲದೆ ಕರೆಯಬಹುದೇ ಎಂದು ಯೋಚಿಸುತ್ತಿದ್ದೆ.

ಇವತ್ತು ಜಡ್ಜಮ್ಮನವರಿಗೆ ಎಲ್ಲ ಹೇಳಿದೆ. ಅವರು ಕುರ್ಚಿಯಲ್ಲಿ ಅಲುಗಾಡದೆ ಕೇಳಿದರು. ಆಮೇಲೆ ಎದ್ದು, ಬಾಗಿಲು ಹಾಕಿ, ಮತ್ತೆ ಬಂದು ಕೂತರು.

"ನಾನು ಜಡ್ಜಾಗಿದ್ದವಳು," ಎಂದರು. "ಕೇಳಿಸ್ಕೊಂಡ ಮೇಲೆ ಕೇಳಿಸ್ಕೊಂಡಿಲ್ಲ ಅನ್ನೋಕೆ ನನಗೆ ಬರಲ್ಲ. ಕೇಳಿಸ್ಕೊಂಡ್ರೆ ಆ ಹಾಸ್ಯಗಾರರ ಹುಡುಗಿಯ ನೆರವು ನಿಲ್ಲಿಸಬೇಕು. ಹೋದ ವರ್ಷ ಸೇರಿದ ಇನ್ನೊಂದು ಹುಡುಗೀದೂ. ನಿನ್ನ ಡಿಗ್ರಿ ತಡೀಬೇಕು. ನನ್ನ ಮಾತು ನಂಬಿ ದುಡ್ಡು ಕೊಟ್ಟವರ ಮನೆ ಮನೆಗೆ ನಾನು ಹೋಗಬೇಕು. ಈಗ ನನ್ನ ಕಿವಿ ಸರಿ ಇಲ್ಲ ಅಂತ ಇಟ್ಕೊ. ನೀನು ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ನಾಳೆ ಬೆಳಗ್ಗೆ ದತ್ತಿಯ ಇನ್ನಿಬ್ಬರನ್ನೂ ಕರೆಸಿ ಇಲ್ಲೇ ಕೂತಿರ್ತೀನಿ. ಬಂದು ಹೇಳು. ಆಗ ಕೇಳಿಸತ್ತೆ. ಬರದೆ ಇದ್ರೆ, ಇದರ ಬಗ್ಗೆ ನಾವಿಬ್ಬರೂ ಸಾಯೋ ತನಕ ಮಾತಾಡಲ್ಲ."

ನನ್ನ ತಲೆ ಸವರಿ ಕಳಿಸಿದರು.

ಮಕ್ಕಳ ಆಸ್ಪತ್ರೆಯಲ್ಲಿ ನನಗೆ ಕೆಲಸ ಆಗಿದೆ, ಅವರೇ ಹೇಳಿ ಕೊಡಿಸಿದ್ದು. ಅದನ್ನು ನಿನಗೆ ಬರೆದಿರಲಿಲ್ಲ.

ನೀನು ಡಿಗ್ರಿಯ ದಿನ ಎದ್ದು ನಿಲ್ಲುತ್ತೇನೆ ಎಂದಿದ್ದೆ. ನಾನು ನಾಳೆ ಹೋಗಲೇ, ಬೇಡವೇ? ನೀನು ಹೇಳಿದ ಹಾಗೆ ಮಾಡುತ್ತೇನೆ. ಹೇಳು ಅಪ್ಪ.

ನಿನ್ನ ಮಗಳು


ತಾ. 3-3-1989
ಬಿಡಾರ

ಮಗಳಿಗೆ,

ಹೋಗಬೇಡ.

ಹಾಸ್ಯಗಾರನ ಮಗಳು ರಜೆಗೆ ಬಂದಿದ್ದಾಳೆ. ಈಗ ಅವಳು ಅಪ್ಪನ ಅಂಗಿಯ ಗುಂಡಿ ಹೊಲಿಯುತ್ತಾ, ಜಾಗ ಅಳೆಯುವುದು ಹೇಗೆ, ಸೇತುವೆ ಬೀಳದ ಹಾಗೆ ಕಟ್ಟುವುದು ಹೇಗೆ ಎಂದು ಅವನಿಗೆ ವಿವರಿಸುತ್ತಿದ್ದಾಳೆ. ಅವನಿಗೆ ಒಂದಕ್ಷರ ಅರ್ಥವಾಗಿಲ್ಲ, ಬಾಯಿ ತೆರೆದುಕೊಂಡು ಕೂತಿದ್ದಾನೆ. ನಾನು ಎದ್ದರೆ ಅವಳು ಮತ್ತೆ ಟಿಕೆಟ್ ಕೌಂಟರಿಗೆ. ಇನ್ನೊಂದು ಹುಡುಗಿಯ ಮುಖವನ್ನು ನಾನು ನೋಡಿಲ್ಲ. ಅವಳಿಗೂ ಎಲ್ಲೋ ಒಂದು ಕೌಂಟರು ಕಾಯುತ್ತಿರುತ್ತದೆ. ವರ್ಷಕ್ಕೊಬ್ಬಳು ಎಂದರೆ ಲೆಕ್ಕ ಬೆಳೆಯುತ್ತಲೇ ಹೋಗುತ್ತದೆ, ಮಗಳೇ. ಡಿಗ್ರಿಯ ದಿನದ ಮಾತು ಆಡಿದಾಗ ಇದು ನನಗೆ ಹೊಳೆದಿರಲಿಲ್ಲ.

ನೀನು ನನ್ನನ್ನು ಒಳಗೆ ಕರೆಯಬೇಕೆಂದಿದ್ದೆ ಎಂದು ಬರೆದಿದ್ದೀಯ. ಆ ಸಾಲನ್ನು ಖಳನಾಯಕನಿಗೆ ಓದಿ ಹೇಳಿದೆ. ಅವನು ಎದ್ದು ಹೊರಗೆ ಹೋದ. ನನಗೆ ಹೋಗಲು ಜಾಗವಿರಲಿಲ್ಲ, ಕೂತಿದ್ದೆ.

ಮಕ್ಕಳ ಆಸ್ಪತ್ರೆ ಒಳ್ಳೆಯದು. ಅಲ್ಲಿ ನಿನ್ನನ್ನು ಯಾರಾದರೂ ಅಪ್ಪನ ಬಗ್ಗೆ ಕೇಳಿದರೆ ಜ್ವರ ಎಂದೇ ಹೇಳು. ಹಗ್ಗದ ಕತೆ ನಿನಗೆ ಹೊಂದುವುದಿಲ್ಲ.

ಇನ್ನೊಂದು ಮಾತು. ನಿನ್ನ ಕಾಗದ ನನ್ನ ಕೈಗೆ ಯಾವತ್ತು ಬಂತು ಎಂದು ನಾನು ಬರೆಯುವುದಿಲ್ಲ. ಕಾಗದ ನಮ್ಮನ್ನು ಹುಡುಕಿಕೊಂಡು ಊರೂರು ಅಲೆದು ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ನಿನಗೂ ಗೊತ್ತು. ನೀನು 'ನಾಳೆ' ಎಂದು ಬರೆದಿದ್ದೀಯ. ಕಳೆದುಹೋದ ಆ ನಾಳೆಯ ಬೆಳಗ್ಗೆ ಜಡ್ಜಮ್ಮ ಕುರ್ಚಿಯಲ್ಲಿ ಕೂತು ಕಾದಿದ್ದಾರೆ, ನೀನು ನಿನ್ನ ಕೋಣೆಯಲ್ಲೇ ಇದ್ದೆ. ಅದನ್ನು ನಾನು ಕೇಳುವುದಿಲ್ಲ, ನೀನೂ ಹೇಳಬೇಡ.

ಈ ಕಾಗದದ ತಲೆಯ ಮೇಲೆ ನಿನ್ನ ಕಾಗದದ ತಾರೀಖನ್ನೇ ಹಾಕಿದ್ದೇನೆ. ಮುಂದೆ ಎಂದಾದರೂ ತೆಗೆದು ಓದಿದರೆ, ನೀನು ಕೇಳಿದ ದಿನವೇ ನಾನು ಬೇಡ ಎಂದೆ ಎಂದಿರಲಿ. ಬೇಡ ಎಂದವನು ನಾನು. ನೀನಲ್ಲ.

ಅಂಚೆಯ ಮುದ್ರೆಯ ತಾರೀಖಿಗೆ ಮಾತ್ರ ನಾನು ಹೇಳಿಕೊಡಲಾರೆ. ಲಕೋಟೆಯನ್ನು ಇವತ್ತೇ ಒಲೆಗೆ ಹಾಕು.

ಅಪ್ಪ